ಪ್ಯಾರಾ ಪ್ರೊಬೇಷನ್‌ಗೆ ತಯಾರಿ: ಓಟ ಸಾಲದು, ಹೊರೆ ಹೊರಬೇಕು

1600 ಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿ ಮುಗಿಸುವ ಹುಡುಗರಿಗೆ ನಮ್ಮಲ್ಲಿ ಬರವಿಲ್ಲ. ಅಗ್ನಿವೀರ್ ರ‍್ಯಾಲಿಯಲ್ಲಿ ಆ ಸಮಯಕ್ಕೆ 60 ಅಂಕ, ಹತ್ತು ಪುಲ್-ಅಪ್‌ಗೆ 40 ಅಂಕ. 9 ಅಡಿ ಹಳ್ಳ ಜಿಗಿಯುವುದು, ಜಿಗ್-ಜಾಗ್ ಬ್ಯಾಲೆನ್ಸ್ ಮೇಲೆ ನಡೆಯುವುದು ಪಾಸಾದರೆ ಸಾಕು. ಭರ್ತಿ ಅಕಾಡೆಮಿಗಳು ಕಲಿಸುವುದೂ ಅಷ್ಟನ್ನೇ. ಸೇನೆಯೊಳಗೆ ಕಾಲಿಡಲು ಅದು ಸಾಕು, ವಿಮಾನದಿಂದ ಧುಮುಕುವ ಪಡೆಯಾದ ಪ್ಯಾರಾಶೂಟ್ ರೆಜಿಮೆಂಟ್‌ನ ಮೆರೂನ್ ಟೋಪಿ ಗಳಿಸಲು ಸಾಲದು. ಪ್ರೊಬೇಷನ್‌ನಲ್ಲಿ, ಅಂದರೆ ರೆಜಿಮೆಂಟಿಗೆ ಸೇರಿಸಿಕೊಳ್ಳುವ ಮುಂಚಿನ ಪರೀಕ್ಷಾ ಅವಧಿಯಲ್ಲಿ, ಹುಡುಗರು ದಮ್ಮು ಸಾಲದೆ ಸೋಲುವುದಕ್ಕಿಂತ ಹಿಮ್ಮಡಿ ಬೊಬ್ಬೆ, ಮೊಣಕಾಲ ಕೆಳಗಿನ ಮೂಳೆ ನೋವು, ಸೊಂಟ ಹಿಡಿತದಿಂದ ಸೋಲುವುದು ಹೆಚ್ಚು. ಇವು ಮೂರೂ ಬೆನ್ನಿನ ಹೊರೆಯಿಂದ ಬರುವಂಥವು, ಮೂರನ್ನೂ ಮೊದಲೇ ತಡೆಯಬಹುದು.

ದಾರಿ

ನೇರವಾಗಿ ಈ ರೆಜಿಮೆಂಟಿಗೆ ಭರ್ತಿಯಾದವರಿಗೆ ಮೂಲ ತರಬೇತಿ ನಡೆಯುವುದು ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರದಲ್ಲಿ. ಬೇರೆ ರೆಜಿಮೆಂಟಿನಲ್ಲಿ ಈಗಾಗಲೇ ಇರುವ ಜವಾನರೂ ಅಧಿಕಾರಿಗಳೂ ವಾಲಂಟಿಯರ್ ಆಗಿ ಬರಬಹುದು. ಯಾರೇ ಆದರೂ ಪ್ರೊಬೇಷನ್ ತಪ್ಪದು. ಸ್ಪೆಷಲ್ ಫೋರ್ಸಸ್ (ವಿಶೇಷ ಕಾರ್ಯಾಚರಣೆಯ) ಬೆಟಾಲಿಯನ್‌ಗಳ ಪ್ರೊಬೇಷನ್ ಸಾಮಾನ್ಯ ಪ್ಯಾರಾ ಬೆಟಾಲಿಯನ್‌ಗಳದ್ದಕ್ಕಿಂತ ಉದ್ದ, ಕಠಿಣ. ಅವಧಿಯೂ ಪರೀಕ್ಷೆಗಳ ಕ್ರಮವೂ ಆಗಾಗ ಬದಲಾಗುತ್ತವೆ. ಯೂಟ್ಯೂಬ್‌ನಲ್ಲಿ ಹೇಳುವ ಕಿಲೋಮೀಟರ್ ಲೆಕ್ಕ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ.

ಆಮೇಲೆ ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲ್. ಐದು ಜಂಪ್, ಅದರಲ್ಲಿ ಒಂದು ರಾತ್ರಿ ಹೊತ್ತಿನದು. ಮುಗಿದರೆ ಎದೆಗೆ ವಿಂಗ್ಸ್ ಬ್ಯಾಡ್ಜ್. ಎಲ್ಲರೂ ಹೆದರುವುದು ಈ ಜಂಪ್‌ಗೆ. ವಾಸ್ತವದಲ್ಲಿ ಇಡೀ ದಾರಿಯಲ್ಲಿ ಹೇಳಿಕೊಟ್ಟಂತೆ ಮಾಡಿದರೆ ಸಾಕಾಗುವ ಭಾಗ ಇದೊಂದೇ. ಪಾದ ಮಂಡಿ ಜೋಡಿಸಿ, ಗದ್ದ ಎದೆಗೆ ಒತ್ತಿ, ಪಾದದ ಮುಂಭಾಗ, ಮೀನಖಂಡ, ತೊಡೆ, ಪಿರ್ರೆ, ಬೆನ್ನಿನ ಪಕ್ಕ ಹೀಗೆ ಸಾಲಾಗಿ ನೆಲಕ್ಕೆ ಉರುಳುವುದನ್ನು ಅಲ್ಲೇ ಕಲಿಸುತ್ತಾರೆ. ಊರಿನಲ್ಲಿ ಗೋಡೆಯ ಮೇಲಿಂದ ಹಾರಿ ಅಭ್ಯಾಸ ಮಾಡಬೇಡಿ. ಉಳುಕಿದ ಕಣಕಾಲು ತಿಂಗಳುಗಟ್ಟಲೆ ಕಾಡುತ್ತದೆ.

ಮೆಡಿಕಲ್ ಬಗ್ಗೆ ಒಂದೇ ಮಾತು. ಚಪ್ಪಟೆ ಪಾದ, ಮಂಡಿ ತಾಗುವುದು, ಉಬ್ಬಿದ ರಕ್ತನಾಳ, ಬಣ್ಣಗುರುಡು, ಕಿವಿಯ ಗುಗ್ಗೆ, ಈ ಐದನ್ನೂ ತಯಾರಿಗೆ ಮೊದಲೇ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಗುಗ್ಗೆ ತೆಗೆಸುವುದು ಐದು ನಿಮಿಷದ ಕೆಲಸ. ಬಿಟ್ಟರೆ ಅದೇ ಕಾರಣಕ್ಕೆ ತಾತ್ಕಾಲಿಕ ಅನ್‌ಫಿಟ್ ಆಗುತ್ತೀರಿ.

ಹೊರೆಗೇಕೆ ಇಷ್ಟು ಬೆಲೆ

ಇಂಥ ಪಡೆಗಳು ಕೆಲಸ ಮಾಡುವುದು ವಾಹನ ಹೋಗದ ಕಡೆ. ಗುಂಡು, ನೀರು, ರೇಡಿಯೋ, ಅದರ ಬ್ಯಾಟರಿ, ಔಷಧ ಎಲ್ಲವೂ ಬೆನ್ನ ಮೇಲೆ. ಹಾಗಾಗಿ ಆಯ್ಕೆಯೂ ಬೆನ್ನಿನ ಮೂಲಕವೇ. ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ಗೆ 1952ರಲ್ಲಿ ಮೇಜರ್ ಜಾನ್ ವುಡ್‌ಹೌಸ್ ಆಯ್ಕೆ ಪದ್ಧತಿಯನ್ನು ಕಟ್ಟಿದಾಗ ನೆಚ್ಚಿಕೊಂಡದ್ದು ವೇಲ್ಸ್‌ನ ಬೆಟ್ಟಗಳಲ್ಲಿ ಹೊರೆ ಹೊತ್ತು, ನಕ್ಷೆ ಹಿಡಿದು, ಒಬ್ಬೊಬ್ಬರೇ ನಡೆಯುವುದನ್ನು. ಇಂದಿಗೂ ಅಲ್ಲಿ ಬೆಟ್ಟದ ಹಂತ ಮುಗಿಯುವುದು ಸುಮಾರು 64 ಕಿ.ಮೀ. ನಡಿಗೆಯಿಂದ: ಬೆನ್ನ ಮೇಲೆ 25 ಕೆ.ಜಿ., ಸಮಯ 20 ಗಂಟೆ. ಅಲ್ಲಿನ ತರಬೇತುದಾರರು ಬೈಯುವುದೂ ಇಲ್ಲ, ಹುರಿದುಂಬಿಸುವುದೂ ಇಲ್ಲ. ನಮ್ಮಲ್ಲಿ ಉಸ್ತಾದರು ಸುಮ್ಮನಿರುವುದಿಲ್ಲ, ರಗಡಾ (ಶಿಕ್ಷೆಯಂಥ ಕಸರತ್ತು) ಜೋರಾಗಿಯೇ ಇರುತ್ತದೆ. ಆದರೆ ಎರಡೂ ಕಡೆ ನೋಡುವುದು ಒಂದನ್ನೇ: ಯಾರೂ ತಳ್ಳದಿದ್ದಾಗ, ಇನ್ನೆಷ್ಟು ದೂರ ಎಂದು ಗೊತ್ತಿಲ್ಲದಾಗ ಈ ಮನುಷ್ಯ ಏನು ಮಾಡುತ್ತಾನೆ?

ಗಮನಿಸುವ ಸಂಗತಿಗಳು ಸಣ್ಣವು. ವಿಶ್ರಾಂತಿ ಸಿಕ್ಕಾಗ ಮೊದಲು ಕೂತನೋ, ಮೊದಲು ಸಾಕ್ಸ್ ಬದಲಾಯಿಸಿದನೋ. ಜೊತೆಗಾರನ ಸ್ಟ್ರಾಪ್ ಕಿತ್ತುಹೋದಾಗ ಯಾರು ನಿಂತರು. ತಿರುವಿನಾಚೆ ಯಾರೂ ಕಾಣದಾಗ ಅಡ್ಡದಾರಿ ಹಿಡಿದನೋ. ಮೊದಲನೆಯವನಾಗಿ ಬಂದು ಜೊತೆಗಾರನನ್ನು ಎರಡು ಕಿ.ಮೀ. ಹಿಂದೆ ಬಿಟ್ಟವನಿಗಿಂತ, ಜೊತೆಗಾರನ ರೈಫಲನ್ನೂ ತಾನೇ ಹೊತ್ತು ಅವನ ಜೊತೆಗೆ ಬಂದವನ ಹೆಸರು ಉಳಿಯುತ್ತದೆ.

ಪಿಟ್ಠು (ಬೆನ್ನಚೀಲ) ತುಂಬುವ ಬಗೆ

ಶಾಲಾ ಬ್ಯಾಗ್ ಬೇಡ. ಎರಡನೇ ವಾರಕ್ಕೇ ಅದರ ಸ್ಟ್ರಾಪ್ ಬುಡದಲ್ಲಿ ಕೀಳುತ್ತದೆ. 45 ಲೀಟರಿನ, ಸೊಂಟಪಟ್ಟಿ ಇರುವ ಬ್ಯಾಗ್ ಸಾಕು. ಹೊಸದಾದರೂ ಸ್ಟ್ರಾಪ್ ಸೇರುವ ಜಾಗಗಳಿಗೆ ಚಮ್ಮಾರರ ಹತ್ತಿರ ಇನ್ನೊಂದು ಸಾಲು ಹೊಲಿಗೆ ಹಾಕಿಸಿ.

ತೂಕಕ್ಕೆ ಒಣ ಮರಳು ಮತ್ತು ನೀರು. ಒಂದು ಲೀಟರ್ ಅಳತೆಯ ಒಣ ಮರಳು ಸುಮಾರು 1.6 ಕೆ.ಜಿ. ತೂಗುತ್ತದೆ. ಎರಡೆರಡು ಕೆ.ಜಿ.ಯ ಪೊಟ್ಟಣ ಮಾಡಿ, ಜೋಡಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೇಪ್ ಸುತ್ತಿ. ಕಲ್ಲು, ಇಟ್ಟಿಗೆ, ಡಂಬೆಲ್ ಹಾಕಿದರೆ ಒಳಗೆ ಕುಣಿದು ಬೆನ್ನೆಲುಬಿಗೆ ಬಡಿಯುತ್ತವೆ. ಬ್ಯಾಗಿನ ತಳಕ್ಕೆ ಕಂಬಳಿ ಮಡಿಸಿ ಇಡಿ, ಅದರ ಮೇಲೆ ಬೆನ್ನಿಗೆ ಅಂಟಿದಂತೆ, ಭುಜದ ಹಲಗೆಗಳ ಮಟ್ಟಕ್ಕೆ ಮರಳಿನ ಪೊಟ್ಟಣ. ಹೊರಭಾಗಕ್ಕೆ ಬಟ್ಟೆಯಂಥ ಹಗುರ ವಸ್ತು. ಭಾರ ಕೆಳಗೆ ಜಗ್ಗಿದರೆ ಅಥವಾ ಬೆನ್ನಿನಿಂದ ದೂರ ಸರಿದರೆ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಹತ್ತು ಕಿ.ಮೀ. ಕಳೆಯುವಷ್ಟರಲ್ಲಿ ಸೊಂಟ ಹಿಡಿಯುವುದು ಇದರಿಂದಲೇ, ತೂಕ ಹೆಚ್ಚಾಯಿತೆಂದಲ್ಲ. ನಿಂತು ಒಮ್ಮೆ ಜಿಗಿದು ನೋಡಿ: ಒಳಗೆ ಏನಾದರೂ ಅಲುಗಿದರೆ ಬಿಚ್ಚಿ ಮತ್ತೆ ತುಂಬಿ. ಬೆರಳು ಜುಮ್ಮೆಂದರೆ ಭುಜದ ಪಟ್ಟಿ ನರವನ್ನು ಒತ್ತುತ್ತಿದೆ ಎಂದರ್ಥ. ಸೊಂಟಪಟ್ಟಿ ಬಿಗಿಮಾಡಿ ಭುಜ ಸಡಿಲಿಸಿ.

ಬೆಟ್ಟ ಹತ್ತುವ ದಿನ ಮರಳಿನ ಬದಲು ನೀರಿನ ಬಾಟಲಿ ತುಂಬಿ. ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದ್ದೇ ಇವೆ. ತುಂಬಿದ ಹೊರೆಯಲ್ಲಿ ಹತ್ತಿ, ಮೇಲೆ ಹೋದ ಮೇಲೆ ಕುಡಿಯುವಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಗಿಡಗಳಿಗೆ ಸುರಿದು, ಖಾಲಿ ಬೆನ್ನಲ್ಲಿ ಇಳಿಯಿರಿ. ಹತ್ತುವಾಗ ಸ್ನಾಯು ಕಟ್ಟುತ್ತದೆ. ಹೊರೆ ಹೊತ್ತು ಮೆಟ್ಟಿಲಿಳಿಯುವಾಗ ಪೆಟ್ಟೆಲ್ಲ ಮಂಡಿಚಿಪ್ಪಿಗೆ. ಇಳಿಜಾರಿನ ಅಭ್ಯಾಸವೂ ಬೇಕು, ಆದರೆ ಅದು ಎಂಟನೇ ವಾರದ ನಂತರ, ಮಣ್ಣಿನ ದಾರಿಯಲ್ಲಿ.

ಹನ್ನೆರಡು ವಾರ

ಮೊದಲು ನಾಲ್ಕು ಸಂಗತಿ ಕೈಗೆ ಬಂದಿರಬೇಕು: 1600 ಮೀ. 5 ನಿಮಿಷ 45 ಸೆಕೆಂಡಿನೊಳಗೆ, 5 ಕಿ.ಮೀ. ಹೊರೆಯಿಲ್ಲದೆ 24 ನಿಮಿಷದೊಳಗೆ, ಎಂಟು ಪೂರ್ತಿ ಪುಲ್-ಅಪ್, ನೋವಿಲ್ಲದೆ 10 ಕಿ.ಮೀ. ನಡಿಗೆ. ಇಲ್ಲದಿದ್ದರೆ ಹೊರೆ ಮುಟ್ಟುವ ಮುನ್ನ ಎರಡು ತಿಂಗಳು ಇವನ್ನೇ ಮಾಡಿ.

ಹೊರೆ ನಡಿಗೆ ವಾರಕ್ಕೆ ಒಂದೇ ಸಲ. ಹುಡುಗರು ಇದನ್ನು ನಂಬುವುದಿಲ್ಲ, ವಾರಕ್ಕೆ ನಾಲ್ಕು ದಿನ ಹೊತ್ತು ಐದನೇ ವಾರಕ್ಕೆ ಕುಂಟುತ್ತಾರೆ. ಉಸಿರು ಮೂರು ವಾರದಲ್ಲಿ ಹದಕ್ಕೆ ಬರುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ಬರಲು ತಿಂಗಳುಗಳೇ ಬೇಕು. 60ರಿಂದ 65 ಕೆ.ಜಿ. ಮೈತೂಕದವರಿಗೆ ಲೆಕ್ಕ ಹೀಗೆ:

1ನೇ ವಾರ 8 ಕೆ.ಜಿ., 6 ಕಿ.ಮೀ.
2ನೇ ವಾರ 8 ಕೆ.ಜಿ., 8 ಕಿ.ಮೀ.
3ನೇ ವಾರ 10 ಕೆ.ಜಿ., 8 ಕಿ.ಮೀ.
4ನೇ ವಾರ 10 ಕೆ.ಜಿ., 10 ಕಿ.ಮೀ.
5ನೇ ವಾರ 12 ಕೆ.ಜಿ., 10 ಕಿ.ಮೀ.
6ನೇ ವಾರ 12 ಕೆ.ಜಿ., 12 ಕಿ.ಮೀ.
7ನೇ ವಾರ 8 ಕೆ.ಜಿ., 6 ಕಿ.ಮೀ. (ಇಳಿಸುವ ವಾರ, ಬಿಡುವಂತಿಲ್ಲ)
8ನೇ ವಾರ 14 ಕೆ.ಜಿ., 12 ಕಿ.ಮೀ.
9ನೇ ವಾರ 14 ಕೆ.ಜಿ., 15 ಕಿ.ಮೀ.
10ನೇ ವಾರ 16 ಕೆ.ಜಿ., 15 ಕಿ.ಮೀ.
11ನೇ ವಾರ 16 ಕೆ.ಜಿ., 20 ಕಿ.ಮೀ.
12ನೇ ವಾರ 8 ಕೆ.ಜಿ., 6 ಕಿ.ಮೀ.

ಇಳಿಸುವ ವಾರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತೂಕ ಏರಿಸಿದ ವಾರ ದೂರ ಏರಿಸುವುದಿಲ್ಲ, ದೂರ ಏರಿಸಿದ ವಾರ ತೂಕ ಏರಿಸುವುದಿಲ್ಲ ಎಂಬುದೇ ಇಲ್ಲಿನ ನಿಯಮ. ಸಮತಟ್ಟು ದಾರಿಯಲ್ಲಿ ಕಿಲೋಮೀಟರಿಗೆ ಹತ್ತು ಹತ್ತೂವರೆ ನಿಮಿಷ. ಅಂದರೆ 11ನೇ ವಾರದ 20 ಕಿ.ಮೀ. ಮೂರೂವರೆ ಗಂಟೆಯೊಳಗೆ ಮುಗಿಯಬೇಕು. ವೇಗ ಬೇಕಾದರೆ ಹೆಜ್ಜೆ ಉದ್ದ ಮಾಡಬೇಡಿ, ಚಿಕ್ಕ ಹೆಜ್ಜೆಯನ್ನೇ ಬೇಗ ಹಾಕಿ. ಉದ್ದ ಹೆಜ್ಜೆಯಲ್ಲಿ ಹಿಮ್ಮಡಿ ಮುಂದೆ ಹೋಗಿ ಕುಟ್ಟುತ್ತದೆ, ಆ ಪೆಟ್ಟು ನೇರ ಮೊಣಕಾಲ ಕೆಳಗಿನ ಮೂಳೆಗೆ. ಹೊರೆ ಹೊತ್ತು ಓಡುವುದನ್ನು ಮನೆಯಲ್ಲಿ ಕಲಿಯಬೇಡಿ. ಪೂರ್ತಿ ಸಜ್ಜಿನಲ್ಲಿ ರೈಫಲ್ ಹಿಡಿದು 5 ಕಿ.ಮೀ. ಓಡುವ ಬಿಪಿಇಟಿ ಎಂಬ ದೈಹಿಕ ಪರೀಕ್ಷೆ ಸೇನೆಯಲ್ಲಿ ಇದ್ದೇ ಇದೆ, 30 ವರ್ಷದೊಳಗಿನವರಿಗೆ ಎಕ್ಸಲೆಂಟ್ ಎಂದರೆ 25 ನಿಮಿಷ. ಅದನ್ನು ಅಲ್ಲಿ ಹಂತಹಂತವಾಗಿ ಮಾಡಿಸುತ್ತಾರೆ.

ಉಳಿದ ದಿನಗಳಲ್ಲಿ ಒಂದು ದಿನ 400 ಮೀಟರ್ ಓಟ ಎಂಟು ಸಲ, ಪ್ರತಿಯೊಂದು 80ರಿಂದ 82 ಸೆಕೆಂಡ್, ನಡುವೆ 90 ಸೆಕೆಂಡ್ ಬಿಡುವು. ಒಂದು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನದಲ್ಲಿ 6ರಿಂದ 8 ಕಿ.ಮೀ. ಎರಡು ದಿನ ಕಸುವಿನ ಕೆಲಸ: 40 ಸೆಂ.ಮೀ. ಎತ್ತರದ ಕಟ್ಟೆಯ ಮೇಲೆ ಪಿಟ್ಠು ಹೊತ್ತು ಹತ್ತಿಳಿಯುವುದು ಕಾಲಿಗೆ 15ರಂತೆ ಮೂರು ಸುತ್ತು; ಒಂಟಿಗಾಲಲ್ಲಿ ಹಿಮ್ಮಡಿ ಎತ್ತುವುದು 20ರಂತೆ ಮೂರು ಸುತ್ತು; ಎರಡೂ ಕೈಯಲ್ಲಿ ತುಂಬಿದ 20 ಲೀಟರ್ ಕ್ಯಾನ್ ಹಿಡಿದು 50 ಮೀಟರ್ ನಡಿಗೆ ನಾಲ್ಕು ಸಲ; ಪುಲ್-ಅಪ್; ಹಗ್ಗ ಹತ್ತುವುದು. ಒಂದು ದಿನ ಈಜು. ಒಂದು ದಿನ ಪೂರ್ತಿ ರಜೆ. ಡಾಂಬರು ರಸ್ತೆಯ ಮೇಲೆ ನೂರಿನ್ನೂರು ಫ್ರಾಗ್ ಜಂಪ್ ಮಾಡಿಸುವ ಪದ್ಧತಿ ಹಲವೆಡೆ ಇದೆ. ಅದರಿಂದ ಮಂಡಿ ಸವೆಯುತ್ತದೆ ಅಷ್ಟೆ, ನಯವಾಗಿ ತಪ್ಪಿಸಿಕೊಳ್ಳಿ.

ಪಾದ

ಬೂಟನ್ನು ಸಂಜೆ ಹೊತ್ತಿಗೆ ಕೊಳ್ಳಿ, ಆಗ ಪಾದ ಊದಿರುತ್ತದೆ. ಹಾಕಿಕೊಳ್ಳಲಿರುವ ಸಾಕ್ಸ್ ಜೊತೆಗೇ ಅಂಗಡಿಗೆ ಹೋಗಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು, ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಅದು ಇಲ್ಲದಿದ್ದಾಗ. ಹೊಸ ಬೂಟಿನಲ್ಲಿ ಮೊದಲ ವಾರ ಮನೆಯೊಳಗೆ, ಊರೊಳಗೆ ಹೊರೆಯಿಲ್ಲದೆ ಓಡಾಡಿ, ಆಮೇಲೆ ಹೊರೆ.

ಸಾಕ್ಸ್ ಎರಡು ಪದರ: ಒಳಗೆ ತೆಳು ನೈಲಾನ್, ಹೊರಗೆ ಉಣ್ಣೆಯದು. ಉಜ್ಜಾಟ ಎರಡು ಬಟ್ಟೆಗಳ ನಡುವೆ ಆಗುತ್ತದೆ, ಚರ್ಮ ಉಳಿಯುತ್ತದೆ. ಹತ್ತಿ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಬೇಡ. ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯಬೇಡಿ.

ನಡೆಯುವಾಗ ಹಿಮ್ಮಡಿ ಒಂದು ಕಡೆ ಬಿಸಿಯಾದಂತೆ ಅನ್ನಿಸಿದರೆ ಬೊಬ್ಬೆ ಏಳಲು ಸ್ವಲ್ಪವೇ ಹೊತ್ತಿದೆ. ಅಲ್ಲೇ ನಿಂತು ಬೂಟು ಬಿಚ್ಚಿ, ಒರೆಸಿ, ಒಣಗಿಸಿ, ಲ್ಯೂಕೋಪ್ಲಾಸ್ಟ್ ಅಂಟುಪಟ್ಟಿಯ ತುಂಡನ್ನು ಮೂಲೆ ದುಂಡಾಗಿ ಕತ್ತರಿಸಿ ಸುಕ್ಕಿಲ್ಲದಂತೆ ಅಂಟಿಸಿ. ಮೂಲೆ ಚೌಕವಾಗಿದ್ದರೆ ಸಾಕ್ಸ್‌ಗೆ ಸಿಕ್ಕಿ ಸುರುಳಿಯಾಗಿ ಅದೇ ಹೊಸ ಬೊಬ್ಬೆ ಎಬ್ಬಿಸುತ್ತದೆ. ಇದಕ್ಕೆ ಮೂರು ನಿಮಿಷ ಬೇಕು. ಸಮಯ ಹೋಗುತ್ತದೆಂದು ನಿಲ್ಲದವನು ಮರುದಿನ ಕಾಲೂರಲಾರ. ಬೊಬ್ಬೆ ಎದ್ದೇಬಿಟ್ಟರೆ, ಚಿಕ್ಕದನ್ನು ಮುಟ್ಟಬೇಡಿ. ದೊಡ್ಡದಾಗಿ ಬಿಗಿದಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ.

ನಿಲ್ಲಿಸಲೇಬೇಕಾದ ನೋವು

ಮೊಣಕಾಲ ಕೆಳಗೆ ಮೂಳೆಯುದ್ದಕ್ಕೂ ಹರಡಿದ ನೋವು, ಮೈ ಬಿಸಿಯಾದಂತೆ ಕಡಿಮೆಯಾಗುವಂಥದ್ದು, ಕೆಲವು ವಾರಗಳ ವಿಶ್ರಾಂತಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ, ಒತ್ತಿದರೆ ಚುರ್ರೆನ್ನುವ, ಓಡಿದಷ್ಟೂ ಹೆಚ್ಚುವ, ರಾತ್ರಿಯೂ ಬಿಡದ ನೋವು ಬೇರೆ. ಅದು ಮೂಳೆಯಲ್ಲಿ ಬಿರುಕು ಬಿಡುವ ಲಕ್ಷಣ. ಆರಂಭದಲ್ಲಿ ಎಕ್ಸ್-ರೇಯಲ್ಲೂ ಕಾಣದೆ ಹೋಗಬಹುದು. ಆದ್ದರಿಂದ ಎಕ್ಸ್-ರೇ ಚೆನ್ನಾಗಿದೆ ಎಂದು ಮತ್ತೆ ಹೊರೆ ಹೊರಬೇಡಿ. ಮಾಸಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಆಹಾರದ ಮಟ್ಟಿಗೆ ನಮ್ಮವರಿಗೆ ಒಂದು ಅನುಕೂಲವಿದೆ: 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಮಿಕ್ಕಿ ಕ್ಯಾಲ್ಸಿಯಂ. ಮುದ್ದೆ, ಮೊಟ್ಟೆ, ಮೊಸರು, ಬೆಳಗಿನ ಬಿಸಿಲು ಇದ್ದರೆ ಡಬ್ಬಿಯ ಪುಡಿಗೆ ದುಡ್ಡು ಸುರಿಯಬೇಕಿಲ್ಲ.

ಅಭ್ಯಾಸವಿಲ್ಲದೆ ಒಮ್ಮೆಲೇ ನೂರಾರು ಬಸ್ಕಿ ಹೊಡೆದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡವನ್ನು ಕಟ್ಟಿಹಾಕುತ್ತಿರುತ್ತದೆ. ನಡಿಗೆಗೆ ಮುಂಚೆ ನೋವಿನ ಮಾತ್ರೆ ನುಂಗುವ ಚಾಳಿಯೂ ಅಪಾಯ: ಬ್ರೂಫೆನ್ ಜಾತಿಯ ಮಾತ್ರೆ ಮತ್ತು ನೀರು ಬತ್ತಿದ ಮೈ ಸೇರಿದರೆ ಪೆಟ್ಟು ಬೀಳುವುದು ಅದೇ ಮೂತ್ರಪಿಂಡಕ್ಕೆ.

ಬಿಸಿಲು ಮತ್ತು ನೀರು

2013ರ ಜುಲೈನಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ಎಸ್‌ಎಎಸ್ ಮೀಸಲು ಪಡೆಯ ಆಯ್ಕೆ ನಡಿಗೆಯಲ್ಲಿ ಮೂವರು ಪ್ರಾಣ ಕಳೆದುಕೊಂಡರು, ಬಿಸಿಲಿನ ಹೊಡೆತಕ್ಕೆ. ಅಷ್ಟು ತಂಪಾದ ದೇಶದಲ್ಲೇ ಹೀಗಾದರೆ ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಏನಾದೀತು? ಬೇಸಿಗೆಯಲ್ಲಿ ನಡಿಗೆ ಬೆಳಗಿನ ನಾಲ್ಕೂವರೆಗೆ ಶುರುವಾಗಿ ಎಂಟರೊಳಗೆ ಮುಗಿಯಲಿ.

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಧಗೆ ಹೆಚ್ಚಿದ್ದರೆ ಒಂದು ಲೀಟರ್. ಅದಕ್ಕೂ ಮೀರಿ ಬರಿ ನೀರನ್ನೇ ಹೊಟ್ಟೆಗೆ ಸುರಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್ ಬರುತ್ತದೆ. ನೋಡಿದವರು ನೀರು ಸಾಲದಾಯಿತೆಂದು ಇನ್ನಷ್ಟು ಕುಡಿಸುತ್ತಾರೆ. ಒಂದೂವರೆ ಗಂಟೆ ಮೀರಿದ ನಡಿಗೆಗೆ ಓಆರ್‌ಎಸ್ ಇರಲಿ. ಪೊಟ್ಟಣವಿಲ್ಲದಿದ್ದರೆ ಲೀಟರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಂಟೆಗೊಮ್ಮೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ.

ಜೊತೆಯವನು ತೊದಲಿದರೆ, ತೂರಾಡಿದರೆ, ಸಂಬಂಧವಿಲ್ಲದ ಮಾತಾಡಿದರೆ ಬೆವರು ಇದೆಯೇ ಇಲ್ಲವೇ ನೋಡುತ್ತ ಕೂರಬೇಡಿ. ಹೊರೆ ಇಳಿಸಿ, ನೆರಳಿಗೆ ಎಳೆದು, ಬಟ್ಟೆ ಬಿಚ್ಚಿ, ಸಿಕ್ಕಷ್ಟು ತಣ್ಣೀರು ಸುರಿದು ಗಾಳಿ ಹಾಕಿ. ಹತ್ತಿರ ತೊಟ್ಟಿಯಿದ್ದರೆ ತಲೆ ಮೇಲೆ ಹಿಡಿದು ಕತ್ತಿನವರೆಗೆ ಮುಳುಗಿಸಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ನಕ್ಷೆ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಗಳು ಅದರ ಪೋರ್ಟಲ್‌ನಲ್ಲಿ ಸಿಗುತ್ತವೆ. ನಿಮ್ಮ ಊರಿನದನ್ನು ಮುದ್ರಿಸಿಕೊಳ್ಳಿ. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಗೊತ್ತಿರುವ ಕೆರೆ, ಗುಡ್ಡ, ದೇವಸ್ಥಾನಗಳನ್ನು ಮೊದಲು ನಕ್ಷೆಯಲ್ಲಿ ಹುಡುಕಿ, ಆಮೇಲೆ ನೋಡಿರದ ಜಾಗಕ್ಕೆ ಹೋಗಿ. ಎಡಗಾಲು ಊರಿದಾಗ ಮಾತ್ರ ಎಣಿಸುತ್ತ 100 ಮೀಟರಿಗೆ ನಿಮ್ಮ ಲೆಕ್ಕ ಎಷ್ಟೆಂದು ಟ್ರ್ಯಾಕ್‌ನಲ್ಲಿ ಕಂಡುಕೊಳ್ಳಿ. ಹೆಚ್ಚಿನವರಿಗೆ 60ರ ಆಸುಪಾಸು. ಹೊರೆಯಲ್ಲಿ, ಏರಿನಲ್ಲಿ, ಕತ್ತಲಲ್ಲಿ ಅದು ಏರುತ್ತದೆ, ಮೂರನ್ನೂ ಬೇರೆಬೇರೆ ಬರೆದಿಟ್ಟುಕೊಳ್ಳಿ. ಪ್ರತಿ ನೂರು ಮೀಟರಿಗೆ ದಾರದಲ್ಲಿ ಒಂದು ಮಣಿ ಸರಿಸಿ, ದಣಿದ ತಲೆ ಎಣಿಕೆ ಮರೆಯುತ್ತದೆ.

ದಿಕ್ಸೂಚಿಯಲ್ಲಿ ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೀರಿ. ಐದು ಡಿಗ್ರಿಗೆ 4 ಕಿ.ಮೀ. ಕೊನೆಯಲ್ಲಿ 350 ಮೀಟರ್. ಎದೆಗೆ ರೈಫಲ್ ಅಥವಾ ಜೇಬಲ್ಲಿ ಮೊಬೈಲ್ ಇದ್ದಾಗ ಮುಳ್ಳು ಅಷ್ಟು ಸರಿಯುವುದು ದೊಡ್ಡ ಮಾತಲ್ಲ. ಸಮಯದ ಅಂದಾಜಿಗೆ ಗಂಟೆಗೆ 5 ಕಿ.ಮೀ., ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕಾಡಂಚಿನ ಬೆಟ್ಟವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಒಬ್ಬರೇ ಹೋಗುವುದು ಬೇಡ.

ಈಜು, ನಿದ್ದೆ

ಬಯಲುಸೀಮೆಯ ಹುಡುಗರು ಈಜು ಬಾರದೆ ಹೋಗಿ ಪೇಚಿಗೆ ಸಿಗುತ್ತಾರೆ. ತಾಲ್ಲೂಕಿನ ಈಜುಕೊಳದಲ್ಲಿ ತರಬೇತುದಾರರ ಎದುರು 200 ಮೀ. ಈಜುವಷ್ಟು, ಹತ್ತು ನಿಮಿಷ ನಿಂತಲ್ಲೇ ತೇಲುವಷ್ಟು ಕಲಿಯಿರಿ. ಬಾವಿಯಲ್ಲಿ ಕೈಕಾಲು ಕಟ್ಟಿಕೊಂಡು ಹಾರುವುದು, ಜೋರಾಗಿ ಉಸಿರೆಳೆದು ನೀರಡಿ ದಮ್ಮು ಹಿಡಿಯುವ ಪಂಥ ಎರಡೂ ಕೂಡದು. ಹಾಗೆ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಒತ್ತಡ ಹುಟ್ಟುವ ಮೊದಲೇ ಪ್ರಜ್ಞೆ ಹೋಗುತ್ತದೆ. ಚೆನ್ನಾಗಿ ಈಜುವವರೇ ಹೀಗೆ ಸಾಯುತ್ತಾರೆ.

ನಿದ್ದೆಗೆಡುವುದನ್ನು ಅಭ್ಯಾಸ ಮಾಡಿ ಫಲವಿಲ್ಲ. ಮೈ ಅದಕ್ಕೆ ಒಗ್ಗುವುದಿಲ್ಲ, ತಯಾರಿ ಮಾತ್ರ ಹಾಳು. ಅಭ್ಯಾಸ ಮಾಡಬಹುದಾದ್ದು ದಣಿದಾಗಲೂ ಸಣ್ಣ ಕೆಲಸ ಸರಿಯಾಗಿ ಮಾಡುವುದನ್ನು. ಉದ್ದ ನಡಿಗೆ ಮುಗಿದ ಕೂಡಲೇ ಒಬ್ಬ ಗೆಳೆಯ ಚಾಪೆಯ ಮೇಲೆ 15 ವಸ್ತು ಹರಡಿ ಒಂದು ನಿಮಿಷ ತೋರಿಸಿ ಮುಚ್ಚಲಿ. ನೀವು ಪಿಟ್ಠು ಬಿಚ್ಚಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ತುಂಬಿ, ಆಮೇಲೆ ಆ ವಸ್ತುಗಳ ಪಟ್ಟಿ ಬರೆಯಿರಿ. ಬೆರಳಿನ ನೆನಪಿನಲ್ಲೇ ಟಾರ್ಚ್ ಯಾವ ಜೇಬಿನಲ್ಲಿದೆಯೆಂದು ಗೊತ್ತಿರಬೇಕು. ಪ್ರೊಬೇಷನ್‌ನ ರಾತ್ರಿಗಳಲ್ಲಿ ಸಾಮಾನು ಕಳೆದುಕೊಂಡವನು ಅದನ್ನು ಹುಡುಕುವುದರಲ್ಲೇ ಸಿಕ್ಕ ಇಪ್ಪತ್ತು ನಿಮಿಷದ ನಿದ್ದೆಯನ್ನೂ ಕಳೆದುಕೊಳ್ಳುತ್ತಾನೆ.

ಕೊನೆಯ ಹತ್ತು ದಿನ

ಹೊಸದೇನೂ ಬೇಡ: ಹೊಸ ಬೂಟು, ಹೊಸ ಸಾಕ್ಸ್, ಹೊಸ ಪುಡಿ ಯಾವುದೂ. ಓಟವನ್ನು ಅರ್ಧಕ್ಕೆ ಇಳಿಸಿ, 400 ಮೀಟರ್ ಓಟ ನಾಲ್ಕಕ್ಕೆ ಸಾಕು, ರಾತ್ರಿ ಎಂಟು ಗಂಟೆ ನಿದ್ದೆ ತಪ್ಪಿಸಬೇಡಿ. ಉಗುರನ್ನು ಹೊರಡುವ ಮೂರು ದಿನ ಮೊದಲೇ ಕತ್ತರಿಸಿ, ಕತ್ತರಿಸಿದ ಅಂಚು ಚುಚ್ಚದಂತೆ ನಯವಾಗಿರುತ್ತದೆ. ಯಾವುದಾದರೂ ನೋವು ಇದ್ದರೆ ಮುಚ್ಚಿಟ್ಟು ಹೋಗಬೇಡಿ, ಮುಂದೂಡಲು ಸಾಧ್ಯವೇ ಎಂದು ಮೊದಲು ಕೇಳಿ.

ವಾಪಸ್ ಕಳಿಸಿದರೆ ಕಾರಣವನ್ನು ಉಸ್ತಾದರ ಬಾಯಿಂದಲೇ ಕೇಳಿ ಬರೆದುಕೊಳ್ಳಿ: ಪಾದವೋ, ಸಮಯವೋ, ನಕ್ಷೆಯೋ, ನಡತೆಯೋ. ಮೊದಲ ಮೂರಕ್ಕೂ ಮದ್ದು ಮೇಲೆಯೇ ಇದೆ. ಬೇರೆ ದಾರಿಯೂ ಇದೆ: ಪ್ರತಿ ಕಾಲ್ದಳ ಬೆಟಾಲಿಯನ್‌ನಲ್ಲೂ ಘಾತಕ್ ಪ್ಲಟೂನ್ ಎಂಬ ಕಮಾಂಡೋ ತುಕಡಿಯಿದೆ, ಅದರ ಕಮಾಂಡೋ ತರಬೇತಿ ನಡೆಯುವುದು ನಮ್ಮ ಬೆಳಗಾವಿಯಲ್ಲೇ. ಅಲ್ಲೂ ಬೇಕಾಗುವುದು ಇದೇ ಬೆನ್ನು, ಇದೇ ಪಾದ.